ದೋಣಿಗೆ ಕಾಲಿಡುವ ಜಾಗ

2020ರ ಸೆಪ್ಟೆಂಬರ್ 20, ಭಾನುವಾರ. ಹಿಂದಿನ ರಾತ್ರಿ ಹಿಡಿದ ಮಳೆ ಬೆಳಗಾದರೂ ಬಿಟ್ಟಿರಲಿಲ್ಲ. ಉಡುಪಿ, ಬ್ರಹ್ಮಾವರ ಭಾಗದ ಹಿರಿಯರು ತಮ್ಮ ಕಾಲದಲ್ಲಿ ಇಂಥ ನೆರೆ ಕಂಡಿಲ್ಲ ಎಂದ ದಿನ ಅದು. ನಾವು ಕೊಕ್ಕರ್ಣೆಯಿಂದ ಬೈಕಿನಲ್ಲಿ ಹೊರಟು, ನೀರು ಅಡ್ಡ ಬಂದಲ್ಲೆಲ್ಲ ದಾರಿ ಬದಲಿಸುತ್ತ ಸೀತಾನದಿಯ ಕೆಳದಂಡೆಯ ಒಂದು ಹಳ್ಳಿಗೆ ತಲುಪಿದ್ದೆವು. ನಾವು ಅಂದರೆ ದೊಡ್ಡ ತಂಡವೇನಲ್ಲ. ಒಬ್ಬ ಬಿಡಿ ವರದಿಗಾರ, ಒಂದು ಮೊಬೈಲು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ನೋಟ್‌ಬುಕ್ಕು.

ಗದ್ದೆ ನಡುವಿನ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಒಬ್ಬರು ಸಿಕ್ಕಿಬಿದ್ದಿದ್ದರು. ಊರಿನ ಹುಡುಗರು ಮೀನುಗಾರಿಕೆಯ ದೋಣಿ ತಂದಿದ್ದರು. ದೋಣಿ ಇತ್ತು, ನೀರಿತ್ತು, ಹುಟ್ಟು ಹಾಕಲು ಜನ ಇದ್ದರು. ಆದರೆ ಅಮ್ಮ ದೋಣಿಗೆ ಕಾಲಿಡಲು ಒಪ್ಪಲಿಲ್ಲ. ಇಬ್ಬರು ಹುಡುಗರು ಕೈ ಹಿಡಿದರು. ಅವರು ಒಂದು ಕಾಲೆತ್ತಿ ಅಂಚಿನ ಮೇಲೆ ಇಟ್ಟ ಕೂಡಲೇ ದೋಣಿ ವಾಲಿತು. ಕಿರುಚಿ ಹಿಂದೆ ಸರಿದರು. ಎರಡನೇ ಸಲವೂ ಹಾಗೇ ಆಯಿತು. ಹತ್ತು ನಿಮಿಷ ಕಳೆಯಿತು, ನೀರು ಜಗಲಿಗೆ ಒಂದು ಗೇಣು ಹತ್ತಿರ ಬಂತು.

ಆಗ ಪಕ್ಕದ ಮನೆಯ ಮಾಡಿನ ಕೆಳಗೆ ನಿಂತಿದ್ದ ಅಜ್ಜ ಒಬ್ಬರು ನೀರಿಗಿಳಿದು ಬಂದರು. ಪ್ರಾಯದಲ್ಲಿ ಕಡವಿನ ದೋಣಿ ನಡೆಸಿದವರಂತೆ. ಹುಡುಗರನ್ನು ಗದರಿಸಿ, ದೋಣಿಯನ್ನು ಜಗಲಿಗೆ ಉದ್ದಕ್ಕೆ ತಾಗಿಸಿ ನಿಲ್ಲಿಸಿದರು. ತಲೆಯ ಕಡೆ ಒಂದು ಹಗ್ಗ, ಬಾಲದ ಕಡೆ ಒಂದು ಹಗ್ಗ, ಎರಡನ್ನೂ ಜಗಲಿಯ ಕಂಬಗಳಿಗೆ ಬಿಗಿದರು. ಒಳಗಿನಿಂದ ಊಟದ ಮಣೆ ತರಿಸಿ ದೋಣಿಯ ನಟ್ಟನಡುವೆ ಇಟ್ಟರು. “ಅಮ್ಮ, ಹೆದ್ರ್ಬೇಡಿ. ದೋಣಿ ಕಾಣ್ಬೇಡಿ, ಮಣಿ ಕಾಣಿ. ಕೂಕಂಡ್ ಕಾಲ್ ಇಳ್ಸಿ” ಎಂದರು. ಅಮ್ಮ ಜಗಲಿಯ ಅಂಚಿನಲ್ಲಿ ಕುಳಿತು, ಮಣೆಯ ಮೇಲೆ ಎರಡೂ ಕಾಲು ಊರಿ, ಹಾಗೇ ಜಾರಿ ದೋಣಿಯೊಳಗೆ ಕುಳಿತರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ನಾವು ಆ ದಿನ ಬರೆದ ಸುದ್ದಿಯಲ್ಲಿ ಎಷ್ಟು ಮನೆಗೆ ನೀರು ನುಗ್ಗಿತು, ಎಷ್ಟು ಜನರನ್ನು ಸಾಗಿಸಿದರು ಎಂಬುದಷ್ಟೇ ಇತ್ತು. ಮಣೆ ಇರಲಿಲ್ಲ. ಆದರೆ ಅಜ್ಜ ಆಮೇಲೆ ಬೀಡಿ ಹಚ್ಚುತ್ತ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಹೊಳಿ ನಡೂಕ್ ಬೀಳುವವ್ರ್ ಕಮ್ಮಿ ಮಾಣಿ. ಬೀಳುದೆಲ್ಲ ದಡದಗೇ.”

ಈ ಬರಹ ಆ ದಡದ ಬಗ್ಗೆ. ನಮ್ಮ ಕಡೆಯ ಹೊಳೆಗಳ ಚರಿತ್ರೆ ಬರೆದವರು ಬಂದರುಗಳನ್ನು, ಹಡಗುಗಳನ್ನು, ಸೇತುವೆಗಳನ್ನು ಬರೆದಿದ್ದಾರೆ. ನೆಲದಿಂದ ದೋಣಿಗೆ ಇಡುವ ಆ ಒಂದು ಹೆಜ್ಜೆಯನ್ನು ಸುಲಭ ಮಾಡಿದ್ದು ಯಾರು, ಹೇಗೆ, ಯಾರಿಗಾಗಿ ಎಂದು ಕೇಳಿದವರು ಕಡಿಮೆ.

ದೋಣಿ ಯಾಕೆ ವಾಲುತ್ತದೆ

ಸೀತಾನದಿ ಆಗುಂಬೆ ಬಳಿಯ ನರಸಿಂಹ ಪರ್ವತದ ಕಡೆಯಿಂದ ಇಳಿದು ಹೆಬ್ರಿ ದಾಟಿ ನಮ್ಮ ಕೊಕ್ಕರ್ಣೆಯ ಬದಿಗೆ ಬರುತ್ತದೆ. ಆಮೇಲೆ ನೀಲಾವರ, ಬಾರಕೂರು, ಮಾಬುಕಳ ಮುಟ್ಟಿ ಹಂಗಾರಕಟ್ಟೆಯ ಅಳಿವೆಯಲ್ಲಿ ಸ್ವರ್ಣೆಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಮಳೆಯ ಒಂದು ಪಾಲು ನಮ್ಮ ಹೊಳೆಗೇ ಬರಬೇಕು. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವ ಹೊಳೆ ಆಷಾಢದಲ್ಲಿ ಎರಡು ಆಳು ಎತ್ತರ ಏರುತ್ತದೆ. ಹೀಗಾಗಿ ಒಂದೇ ಕಡವಿನಲ್ಲಿ ದೋಣಿ ಹತ್ತುವ ಜಾಗ ವರ್ಷಕ್ಕೆ ನಾಲ್ಕೈದು ಸಲ ಮೇಲೆ ಕೆಳಗೆ ಸರಿಯುತ್ತಿತ್ತು.

ದೋಣಿಯೂ ಸುಮ್ಮನಿರುವ ವಸ್ತುವಲ್ಲ. ಒಂದೇ ಮರ ಕೊರೆದು ಮಾಡುತ್ತಿದ್ದ ಪಾತಿ ದೋಣಿಯ ತಳ ದುಂಡಗೆ, ಅಗಲ ಕಡಿಮೆ. ಅಗಲ ಒಂದು ಮೀಟರ್ ಎಂದಿಟ್ಟುಕೊಳ್ಳಿ. ಅರವತ್ತು ಕೆ.ಜಿ. ಮನುಷ್ಯ ನಟ್ಟನಡುವೆ ಕಾಲಿಟ್ಟರೆ ದೋಣಿ ನೇರವಾಗಿ ಒಂದೆರಡು ಅಂಗುಲ ಕೆಳಗಿಳಿದು ನಿಲ್ಲುತ್ತದೆ. ಅದೇ ಮನುಷ್ಯ ಅಂಚಿಗೆ ಕಾಲಿಟ್ಟರೆ ಅವನ ಭಾರವೆಲ್ಲ ಅರ್ಧ ಮೀಟರಿನ ಸನ್ನೆಯಾಗಿ ದೋಣಿಯನ್ನು ಮಗುಚಲು ನೋಡುತ್ತದೆ. ಎರಡನೇ ತೊಂದರೆ ಇನ್ನೂ ಮೋಸದ್ದು. ಹಿಂದಿನ ಕಾಲಿನಿಂದ ದಡವನ್ನು ಒದ್ದು ಏರುವಾಗ ಮುಂದಿನ ಕಾಲು ದೋಣಿಯನ್ನು ದೂರ ತಳ್ಳುತ್ತದೆ. ಒಂದು ಕಾಲು ದಡದಲ್ಲಿ, ಒಂದು ಕಾಲು ದೋಣಿಯಲ್ಲಿ, ನಡುವೆ ಅಗಲವಾಗುತ್ತ ಹೋಗುವ ನೀರು. ಈಜು ಬರುವವರೂ ಬೀಳುವುದು ಇಲ್ಲೇ, ತಲೆ ತಾಗುವುದೂ ಇಲ್ಲೇ.

ಹಳೆಯ ದೋಣಿಯವರ ಉಪಾಯಗಳೆಲ್ಲ ಈ ಎರಡಕ್ಕೆ ಮದ್ದು. ಮರಳು ದಡವಿದ್ದರೆ ದೋಣಿಯ ಮೂತಿಯನ್ನು ಮರಳಿಗೆ ಏರಿಸಿಬಿಡುವುದು. ನೆಲ ಹಿಡಿದ ದೋಣಿ ಅಷ್ಟಾಗಿ ಅಲುಗದು. ಕೆಸರಿದ್ದರೆ ಗಳವನ್ನು ಕೆಸರಿಗೆ ಊರಿ, ದೋಣಿಯನ್ನು ಅದಕ್ಕೆ ಒತ್ತಿ ಹಿಡಿಯುವುದು. ಹಗ್ಗ ಒಂದೇ ಕಡೆ ಕಟ್ಟಿದರೆ ದೋಣಿಯ ಬಾಲ ಬೀಸುತ್ತದೆ, ಆದ್ದರಿಂದ ಎರಡೂ ಕಡೆ ಕಟ್ಟುವುದು. ಮೊದಲು ಭಾರದವರು, ಆಮೇಲೆ ಹಗುರದವರು. ಹತ್ತಿದವರು ನಿಲ್ಲದೆ ಕೂತುಬಿಡಬೇಕು. ಹತ್ತುವವರ ಕೈಯಲ್ಲಿ ಬುಟ್ಟಿ, ಕೊಡೆ ಇರಬಾರದು, ಅವು ಮೊದಲೇ ಒಳಗೆ ಹೋಗಬೇಕು. ನೆರೆಯ ದಿನ ಅಜ್ಜ ಮಾಡಿದ್ದು ಇದನ್ನೇ. ಅಂದು ಜಗಲಿಯೇ ಅವರಿಗೆ ಧಕ್ಕೆಯಾಯಿತು, ಊಟದ ಮಣೆ ದೋಣಿಯ ನಡು ಎಲ್ಲಿದೆ ಎಂದು ಅಮ್ಮನ ಕಾಲಿಗೆ ತೋರಿಸಿಕೊಟ್ಟಿತು.

ಬಾರಕೂರಿನ ಒತ್ತೆ

ಕೊಕ್ಕರ್ಣೆಯಿಂದ ಕೆಳಗೆ ಇದೇ ಹೊಳೆಯ ಬದಿಯಲ್ಲಿರುವ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ಮುಂದೆ ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯ ಎಂಬ ಪ್ರಾಂತ್ಯಕ್ಕೆ ಕೇಂದ್ರವಾಯಿತು. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ‘ಫಾಕನೂರ್’ ಎಂದು ಬರೆದ ಊರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಳನುಗ್ಗಿದ ನೀರಿನ ದಂಡೆಯ ದೊಡ್ಡ ಊರು, ಒಳ್ಳೆಯ ಕಬ್ಬು ಬೆಳೆಯುತ್ತದೆ ಎಂದು ಆತ ಬರೆದ. ಅಲ್ಲಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಹಾದುಹೋಗುವ ಹಡಗುಗಳು ಬಂದರಿಗೆ ಬಂದು ಸುಂಕ ಕೊಟ್ಟೇ ಹೋಗಬೇಕಿತ್ತು.

ನಮ್ಮ ವಿಷಯಕ್ಕೆ ಬೇಕಾದ್ದು ಆತ ಹೇಳುವ ಇನ್ನೊಂದು ಸಂಗತಿ. ಅವರ ಹಡಗು ಲಂಗರು ಹಾಕಿದಾಗ ಅರಸ ತನ್ನ ಮಗನನ್ನೇ ಹಡಗಿಗೆ ಒತ್ತೆಯಾಗಿ ಕಳಿಸಿದ. ಆ ಹುಡುಗ ಹಡಗಿನಲ್ಲಿ ಕುಳಿತ ಮೇಲೆಯೇ ಇಬ್ನ್ ಬತೂತ ಮತ್ತು ಜೊತೆಯವರು ದಡಕ್ಕೆ ಹೋದರು, ಮೂರು ರಾತ್ರಿ ಅರಸನ ಅತಿಥಿಗಳಾಗಿದ್ದರು. ನೀರಿನಿಂದ ನೆಲಕ್ಕೆ, ನೆಲದಿಂದ ನೀರಿಗೆ ದಾಟುವ ಹೊತ್ತಿನಲ್ಲಿ ಮನುಷ್ಯ ಅತಿ ದುರ್ಬಲ. ಅವನ ಜೀವ ಆಗ ಇನ್ನೊಬ್ಬರ ಕೈಯಲ್ಲಿರುತ್ತದೆ. ಅರಸರ ಮಟ್ಟದಲ್ಲಿ ಆ ನಂಬಿಕೆಗೆ ಮಗನನ್ನು ಒತ್ತೆ ಇಟ್ಟರು. ಕಡವಿನಲ್ಲಿ ದಿನಾ ದಾಟುತ್ತಿದ್ದ ನಮ್ಮಂಥವರಿಗೆ ದೋಣಿಯವನ ಮುಖಪರಿಚಯವೇ ಒತ್ತೆ.

ಎರಡು ದೋಣಿಯ ಮೇಲೆ ಕಾಲು

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ದೊಡ್ಡವರು ಬುದ್ಧಿ ಹೇಳುತ್ತಾರೆ. ಆದರೆ ಎರಡು ದೋಣಿಗಳನ್ನು ಗಟ್ಟಿಯಾಗಿ ಕಟ್ಟಿಬಿಟ್ಟರೆ ಕಾಲಷ್ಟೇ ಅಲ್ಲ, ಎತ್ತಿನ ಗಾಡಿಯನ್ನೂ ಇಡಬಹುದು. ಅದೇ ಜಂಗಲ್. ಇದು ಕಾಡಿನ ಜಂಗಲ್ ಅಲ್ಲ. ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು, ಅಡ್ಡಕ್ಕೆ ತೊಲೆ ಹಾಕಿ, ಮೇಲೆ ಹಲಗೆ ಹೊದಿಸಿದ ತೇಲುವ ಜಗಲಿ. ಸಂಗಾಡ ಎಂದೂ ಕರೆಯುತ್ತಾರೆ.

ಇದರ ವಂಶಾವಳಿ ಉದ್ದ. ಒಂದನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್‌ನಲ್ಲಿ ದಕ್ಷಿಣ ಭಾರತದ ಬಂದರುಗಳ ಬಗ್ಗೆ ಹೇಳುವಾಗ, ಒಂಟಿ ಮರದ ದೋಣಿಗಳನ್ನು ಜೋಡಿಸಿ ಕಟ್ಟಿದ ‘ಸಂಗರ’ ಎಂಬ ದೊಡ್ಡ ನಾವೆಗಳ ಮಾತು ಬರುತ್ತದೆ. ಜೋಡಣೆ ಎಂಬ ಅರ್ಥದ ಸಂಸ್ಕೃತದ ‘ಸಂಘಾಟ’ದಿಂದ ಮಲಯಾಳದ ‘ಚಙ್ಙಾಡಂ’, ಅದರಿಂದ ಪೋರ್ಚುಗೀಸರ ‘ಜಂಗಾಡ’ ಬಂತು ಎಂದು ಪದಶೋಧಕರು ಹೇಳುತ್ತಾರೆ. ನಮ್ಮ ಜಂಗಲ್ ಈ ಬಳಗದ್ದೇ. ಕೇರಳದವರು ಇಂದಿಗೂ ವಾಹನ ಸಾಗಿಸುವ ದೋಣಿಯನ್ನು ‘ಜಂಗಾರ್’ ಎನ್ನುತ್ತಾರೆ.

ಜಂಗಲ್ ಮಾಡಿದ ಕೆಲಸ ದೊಡ್ಡದು. ಒಂಟಿ ಪಾತಿ ಮಗುಚುವುದಕ್ಕೆ ಕಾರಣವೇ ಅದರ ಇಕ್ಕಟ್ಟಾದ ಅಗಲ. ಎರಡನ್ನು ನಡುವೆ ಜಾಗ ಬಿಟ್ಟು ಜೋಡಿಸಿದರೆ ಒಟ್ಟು ಅಗಲ ಮೂರ್ನಾಲ್ಕು ಪಟ್ಟಾಗುತ್ತದೆ. ಅಂಚಿಗೆ ಕಾಲಿಟ್ಟರೂ ಆ ಕಡೆಯ ದೋಣಿ ನೀರನ್ನು ಒತ್ತಿ ಹಿಡಿಯುತ್ತದೆ. ದಡದಿಂದ ಒಂದು ಹಲಗೆ ಚಾಚಿದರೆ ನಡೆದೇ ಹತ್ತಬಹುದು. ಮುದುಕರು, ಗರ್ಭಿಣಿಯರು, ಕಾಲಿಲ್ಲದವರು, ಹೆದರಿದ ಎತ್ತು, ಎಲ್ಲರಿಗೂ ಒಂದೇ ಹಲಗೆ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯನ್ನು ನೋಡುತ್ತ ಉಡುಪಿ, ಕುಂದಾಪುರ, ಬೈಂದೂರು ದಾರಿಯಲ್ಲಿ ಹೋದ. ಆ ದಾರಿಗೆ ಹೊಳೆಗಳೇ ಮೈಲಿಗಲ್ಲು. ಮುಂದೆ ಇಪ್ಪತ್ತನೇ ಶತಮಾನದಲ್ಲಿ ಮಂಗಳೂರಿನಿಂದ ಬಸ್ಸು ಓಡಲು ಶುರುವಾದ ಮೇಲೂ ಹೊಳೆ ಹೊಳೆಯೇ. ಪ್ರಯಾಣಿಕರು ಬಸ್ಸಿಳಿದು, ಗಂಟು ಹೊತ್ತು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಕಾಯುವ ಇನ್ನೊಂದು ಬಸ್ಸು ಹತ್ತುತ್ತಿದ್ದರು. ಕುಂದಾಪುರದಿಂದ ಮಂಗಳೂರಿಗೆ ಹೋಗಿಬರುವುದೆಂದರೆ ದೋಣಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಮಾಬುಕಳ ದಾಟಿದ ಕಥೆ ಹೇಳುವ ಹಿರಿಯರು ನಮ್ಮ ಭಾಗದಲ್ಲಿ ಈಗಲೂ ಇದ್ದಾರೆ. ಹೊಳೆಯ ಅಗಲ ಅವರಿಗೆ ಮರೆತಿದೆ. ಕೆಸರಿನಲ್ಲಿ ಚಪ್ಪಲಿ ಹುಗಿದದ್ದು, ಹಲಗೆ ಜಾರಿದ್ದು ಮರೆತಿಲ್ಲ.

ಕಡವು ಯಾರದ್ದು

ದೋಣಿ ದೋಣಿಯವನದ್ದು. ಹೊಳೆ ಯಾರದ್ದೂ ಅಲ್ಲ. ದಡ ಯಾರದ್ದು? ದಡಕ್ಕೆ ಮೆಟ್ಟಿಲು ಕಟ್ಟಬೇಕಾದವರು ಯಾರು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಹಳ್ಳಿಯ ಚಿಕ್ಕ ಕಡವುಗಳಲ್ಲಿ ಉತ್ತರ ಸರಳವಾಗಿತ್ತು. ನಮ್ಮ ಅಜ್ಜಿ ಹೇಳುತ್ತಿದ್ದ ಹಾಗೆ ದೋಣಿಯವನಿಗೆ ದಿನದ ಕಾಸು ಕೊಡುವ ರೂಢಿ ಇರಲಿಲ್ಲ. ಕೊಯ್ಲು ಮುಗಿದ ಮೇಲೆ ಮನೆಮನೆಯಿಂದ ಭತ್ತ ಅಳೆಯುತ್ತಿದ್ದರು. ಮಳೆಗಾಲದ ನೆರೆ ಕೊಚ್ಚಿಕೊಂಡು ಹೋದ ದಡವನ್ನು ಊರವರೇ ಕಡಿದು ಮಟ್ಟ ಮಾಡುತ್ತಿದ್ದರು. ಅನುಕೂಲಸ್ಥ ಮನೆಯವರು ಮುರಕಲ್ಲಿನ ನಾಲ್ಕು ಮೆಟ್ಟಿಲು ಹಾಕಿಸಿದರೆ ಅದು ಪುಣ್ಯದ ಕೆಲಸ.

ದೊಡ್ಡ ಕಡವುಗಳು ಬೇರೆ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1890ರಲ್ಲಿ, ಕಾಲುವೆ ಮತ್ತು ಸಾರ್ವಜನಿಕ ಕಡವುಗಳಿಗಾಗಿ ಮದ್ರಾಸ್ ಸರ್ಕಾರ ಕಾಯ್ದೆ ಮಾಡಿತು. ಕಡವು ಸಾರ್ವಜನಿಕ ಎಂದಾಯಿತು, ದರ ನಿಗದಿಯಾಯಿತು, ನಡೆಸುವ ಹಕ್ಕು ಗುತ್ತಿಗೆಗೆ ಹೋಯಿತು. ಇದರಿಂದ ಒಂದು ಒಳ್ಳೆಯದಾಯಿತು. ಕಾಸು ಕೊಟ್ಟವರನ್ನು ಹತ್ತಿಸಲೇಬೇಕು ಎಂಬ ನಿಯಮ ಬಂತು. ಒಂದು ಕೆಟ್ಟದ್ದೂ ಆಗಿರಬೇಕು ಎಂಬುದು ನಮ್ಮ ಲೆಕ್ಕ. ಹರಾಜಿನಲ್ಲಿ ಗುತ್ತಿಗೆ ಹಿಡಿದವನಿಗೆ ಲಾಭ ಬರುವುದು ದೋಣಿ ಎಷ್ಟು ಸಲ ದಾಟಿತು ಎಂಬುದರಿಂದ. ಅವಧಿ ಮುಗಿದರೆ ಕಡವು ಇನ್ನೊಬ್ಬನ ಪಾಲು. ಅಂಥವನು ಕಲ್ಲಿನ ಮೆಟ್ಟಿಲು ಕಟ್ಟಲು ಕೈಯಿಂದ ದುಡ್ಡು ಹಾಕುತ್ತಾನೆಯೇ?

ಕಲ್ಲಿನ ಮೆಟ್ಟಿಲು ಎಷ್ಟು ಜಾಣತನದ ವಸ್ತು ಎಂದು ತಿಳಿಯಲು ಉಪ್ಪುನೀರಿನ ಕಡೆಗೆ ಹೋಗಬೇಕು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಉಬ್ಬರ–ಇಳಿತದ ಅಂತರ ಸುಮಾರು ಒಂದರಿಂದ ಒಂದೂವರೆ ಮೀಟರ್, ಅದೂ ದಿನಕ್ಕೆ ಎರಡು ಸಲ. ಬೆಳಿಗ್ಗೆ ಧಕ್ಕೆಗೆ ಸಮನಾಗಿದ್ದ ದೋಣಿ ಮಧ್ಯಾಹ್ನ ಎದೆಮಟ್ಟ ಕೆಳಗಿರುತ್ತದೆ. ನೇರ ಗೋಡೆಯ ಧಕ್ಕೆಯಿಂದ ಆಗ ಹಾರಬೇಕು, ಇಲ್ಲವೇ ಗೋಡೆಗೆ ತೂಗುಹಾಕಿದ ಟಯರಿನ ಮೇಲೆ ಕಾಲಿಟ್ಟು ಇಳಿಯಬೇಕು. ಮೆಟ್ಟಿಲಿದ್ದರೆ ಈ ಕಷ್ಟ ಇಲ್ಲ. ಒಂದು ಮೆಟ್ಟಿಲಿಗೆ ಇಪ್ಪತ್ತು ಸೆಂಟಿಮೀಟರ್ ಎತ್ತರ ಎಂದರೆ ಏಳೆಂಟು ಮೆಟ್ಟಿಲು ಸಾಕು, ನೀರು ಎಲ್ಲಿದ್ದರೂ ಯಾವುದೋ ಒಂದು ಮೆಟ್ಟಿಲು ದೋಣಿಯ ಮಟ್ಟಕ್ಕೆ ಬಂದೇ ಬರುತ್ತದೆ. ಯಂತ್ರ ಬೇಡ, ಕರೆಂಟು ಬೇಡ. ಪಾಚಿ ಕೆರೆಯುವ ಒಬ್ಬ ಆಳು ಬೇಕು, ಹಿಡಿಯಲು ಒಂದು ಹಗ್ಗ ಬೇಕು.

ಕೈಯ ಬದಲು ಹುಟ್ಟು

ಅಜ್ಜಿ ಹೇಳಿದ ಇನ್ನೊಂದು ವಿಷಯವನ್ನು ಬರೆಯದೆ ಬಿಟ್ಟರೆ ಈ ಚರಿತ್ರೆ ಅರ್ಧವಾಗುತ್ತದೆ.

ಅವರು ಮದುವೆಯಾಗಿ ಬಂದ ಹೊಸತರಲ್ಲಿ ಕಡವಿನ ದೋಣಿಯವ ಹೆಂಗಸರಿಗೆ ಕೈ ಕೊಡುತ್ತಿರಲಿಲ್ಲವಂತೆ. ಮೇಲಿನವರೆನಿಸಿಕೊಂಡ ಮನೆಯ ಹೆಂಗಸರಿಗಂತೂ ಇಲ್ಲವೇ ಇಲ್ಲ. ಮುಟ್ಟಿದರೆ ಮೈಲಿಗೆ ಎಂಬ ಕಾಲ. ಹುಟ್ಟಿನ ತುದಿಯನ್ನು ಚಾಚುತ್ತಿದ್ದ, ಅದನ್ನು ಹಿಡಿದು ಹತ್ತಬೇಕು. ಒದ್ದೆ ಮರ ಜಾರುತ್ತದೆ, ಕೈಗೆ ಗಟ್ಟಿಯಾಗಿ ಸಿಗದು. ಬಸುರಿಯಾಗಿ ತವರಿಗೆ ಹೊರಟ ಹೆಣ್ಣು ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಆ ಹುಟ್ಟನ್ನು ಹಿಡಿದು, ಅಲುಗುವ ದೋಣಿಗೆ ಕಾಲಿಡಬೇಕು. “ಕೈ ಕೊಟ್ಟಿದ್ರೆ ಜಾತಿ ಹೋತಿತ್ತ್, ಕೊಡ್ದೆ ಇದ್ರೆ ಜೀವ ಹೋತಿತ್ತ್” ಎಂದು ಅಜ್ಜಿ ನಗುತ್ತಿದ್ದರು. ಆ ನಗುವಿನಲ್ಲಿ ಸಿಟ್ಟಿತ್ತು ಎಂದು ಈಗ ಅನಿಸುತ್ತದೆ.

ತಳದಲ್ಲಿಟ್ಟ ಜನರ ಪಾಡು ಇದಕ್ಕಿಂತ ಕಷ್ಟ. ಬೇರೆಯವರು ದಾಟಿದ ಮೇಲೆ ಅವರ ಸರದಿ. ಸಂಜೆ ಕತ್ತಲಾದರೆ ಆ ಸರದಿ ನಾಳೆಗೆ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ಶಾಲೆ, ಬಾವಿ, ರಸ್ತೆಗಳ ಜೊತೆ ನೀರಿನ ದಡವೂ ಹಕ್ಕಿನ ಪ್ರಶ್ನೆಯೇ ಎಂಬುದನ್ನು ದೇಶ ಕಾನೂನಾಗಿ ಬರೆದುಕೊಳ್ಳಲು 1950ರವರೆಗೆ ಕಾಯಬೇಕಾಯಿತು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ರಸ್ತೆಗಳ ಜೊತೆ ಸ್ನಾನಘಟ್ಟವನ್ನೂ ಹೆಸರಿಟ್ಟು ಹೇಳುತ್ತದೆ.

ಆದ್ದರಿಂದ ನಮಗೆ ಮೆಟ್ಟಿಲು, ಹಲಗೆ, ಹಗ್ಗ ಇವು ಬರೀ ಅನುಕೂಲದ ವಸ್ತುಗಳಾಗಿ ಕಾಣುವುದಿಲ್ಲ. ಹತ್ತಲು ಇನ್ನೊಬ್ಬರ ಕೈ ಬೇಕೇಬೇಕು ಎಂದಾದರೆ ಆ ಕೈ ಯಾರದು, ಅದು ಚಾಚುತ್ತದೋ ಇಲ್ಲವೋ, ಚಾಚಿದ ಕೈ ಎಲ್ಲಿ ಹಿಡಿಯುತ್ತದೆ ಎಂಬುದೆಲ್ಲ ಬರುತ್ತದೆ. ದಡದಲ್ಲೇ ಗಟ್ಟಿಯಾದ ಹಿಡಿಕೆ ಇದ್ದರೆ ಯಾರ ದಾಕ್ಷಿಣ್ಯವೂ ಇಲ್ಲದೆ ಹತ್ತಬಹುದು. ಕಂಬಕ್ಕೆ ಕಟ್ಟಿದ ಹಗ್ಗ ಯಾರ ಜಾತಿಯನ್ನೂ ಕೇಳುವುದಿಲ್ಲ.

ಸೇತುವೆ ಬಂತು, ದಡ ಮರೆಯಿತು

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ನಂತರದ ದಶಕಗಳಲ್ಲಿ ಕರಾವಳಿ ಹೆದ್ದಾರಿಯ ಹೊಳೆಗಳಿಗೆ ಒಂದೊಂದಾಗಿ ಸೇತುವೆಗಳಾದವು. ಒಳನಾಡಿನ ಹೊಳೆಗಳಿಗೂ ಆದವು. ಕಾಲುಸಂಕ ಹೋಗಿ ಕಾಂಕ್ರೀಟು ಬಂತು. ಸೇತುವೆ ಬೇಡ ಎನ್ನುವವರು ನಾವಲ್ಲ. ರಾತ್ರಿ ಹೆರಿಗೆ ನೋವು ಬಂದ ಮನೆಯವರನ್ನು ಕೇಳಿದರೆ ಸೇತುವೆಯ ಬೆಲೆ ಗೊತ್ತಾಗುತ್ತದೆ. ನಮ್ಮ ಕಡೆಯಿಂದ ಕೊಲ್ಲೂರು ಘಾಟಿ ಹತ್ತಿ ಸಿಗಂದೂರಿಗೆ ಹೋಗುವವರಿಗೂ ಇದು ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರಿನಲ್ಲಿ ಊರುಗಳು ದ್ವೀಪಗಳಾದ ಮೇಲೆ ಅಲ್ಲಿನ ಜನ ಲಾಂಚ್ ನಂಬಿ ಬದುಕಿದರು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚ್ ದಡಕ್ಕೆ ತಾಗುತ್ತಿರಲಿಲ್ಲ, ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅರವತ್ತು ವರ್ಷ ಅವರು ದಡದಲ್ಲಿ ಕಾದರು.

ಆದರೆ ಸೇತುವೆ ಬಂದ ಕಡೆ ಕಡವಿನ ಮೆಟ್ಟಿಲು ಹಾಳುಬಿತ್ತು, ಸೇತುವೆ ಬಾರದ ಕಡೆ ಸೇತುವೆ ಬರುತ್ತದಲ್ಲ ಎಂದು ಮೆಟ್ಟಿಲೂ ಆಗಲಿಲ್ಲ. ಎರಡನೆಯವರ ಕಷ್ಟ ನೋಡಿ. ಗಂಗೊಳ್ಳಿಯ ದಡದಲ್ಲಿ ನಿಂತರೆ ಕುಂದಾಪುರ ಕಣ್ಣೆದುರೇ ಇದೆ, ರಸ್ತೆಯಲ್ಲಿ ಹೋದರೆ ತ್ರಾಸಿ, ಹೆಮ್ಮಾಡಿ ಸುತ್ತಬೇಕು. ಕೋಡಿಬೇಂಗ್ರೆಯಿಂದ ಹಂಗಾರಕಟ್ಟೆಗೂ ಹಾಗೇ, ನೀರು ದಾಟಿದರೆ ಹತ್ತಿರ, ರಸ್ತೆ ಹಿಡಿದರೆ ಸುತ್ತುಬಳಸು. ಹೊಳೆ ನಡುವಿನ ಕುದ್ರುಗಳಲ್ಲಿ ಮನೆ ಮಾಡಿಕೊಂಡವರಿಗೆ ಹಾಲಿನಿಂದ ಹೆಣದವರೆಗೆ ಎಲ್ಲವೂ ದೋಣಿಯಲ್ಲಿ ಸಾಗಿದ ನೆನಪುಗಳಿವೆ. ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೂ ಗೊತ್ತು. ದೊಡ್ಡ ಬೋಟು ದ್ವೀಪಕ್ಕೆ ತಾಗದೆ, ನಡುನೀರಿನಲ್ಲಿ ಚಿಕ್ಕ ದೋಣಿಗೆ ಇಳಿದು, ಅದರಿಂದ ಮೊಣಕಾಲು ನೀರಿಗೆ ಹಾರಿ ದಡ ಸೇರುವ ಪದ್ಧತಿ ಬಹಳ ಕಾಲ ನಡೆದಿದೆ. ಹುಡುಗರಿಗೆ ಅದು ಮೋಜು. ಮೊಣಕಾಲು ನೋವಿನ ಅಮ್ಮಂದಿರು ಮಲ್ಪೆಯ ದಡದಲ್ಲೇ ಕುಳಿತು, ಮಕ್ಕಳು ವಾಪಸ್ ಬರುವುದನ್ನು ಕಾಯುತ್ತಾರೆ.

ದೋಣಿಯ ಅಪಾಯ ಎಂದರೆ ಏನು ಎಂಬುದನ್ನು ನಮ್ಮ ಪಕ್ಕದ ಜಿಲ್ಲೆ 2019ರ ಜನವರಿ 21ರಂದು ಕಂಡಿತು. ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದು ನಡುನೀರಿನಲ್ಲಿ ಆದ ದುರಂತ. ಅಂಥ ದುರಂತ ಆದಾಗಲೆಲ್ಲ ಲೈಫ್ ಜಾಕೆಟ್ ಎಷ್ಟಿತ್ತು, ಜನ ಎಷ್ಟಿದ್ದರು ಎಂದು ಕೇಳುತ್ತೇವೆ. ಕೇಳಲೇಬೇಕು. ಅದರ ಜೊತೆ ಇನ್ನೊಂದು ಪ್ರಶ್ನೆಯೂ ಬೇಕು. ದೋಣಿಗೆ ಎಷ್ಟು ಜನ ಹತ್ತಿದರು ಎಂಬುದನ್ನು ಎಣಿಸಬಹುದಾದ ಜಾಗ ಯಾವುದು? ದಡ. ಒಬ್ಬೊಬ್ಬರೇ ಮೆಟ್ಟಿಲಿಳಿದು ಹತ್ತುವ ವ್ಯವಸ್ಥೆ ಇದ್ದಲ್ಲಿ ಎಣಿಕೆ ತಾನಾಗಿ ಆಗುತ್ತದೆ. ನಾಲ್ಕೂ ಕಡೆಯಿಂದ ನೀರಿಗಿಳಿದು ಹಾರಿ ಹತ್ತುವಲ್ಲಿ ಯಾರನ್ನು ಎಣಿಸುವುದು?

ಕೊಚ್ಚಿಯಿಂದ ಕುದ್ರುವಿಗೆ

2016ರಲ್ಲಿ ಸಂಸತ್ತು ಮಾಡಿದ ಎರಡು ಕಾಯ್ದೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಒಂದು ರಾಷ್ಟ್ರೀಯ ಜಲಮಾರ್ಗ ಕಾಯ್ದೆ. ಅದರಲ್ಲಿ ಪಟ್ಟಿಯಾದ 111 ಜಲಮಾರ್ಗಗಳಲ್ಲಿ ನಮ್ಮ ಪಂಚಗಂಗಾವಳಿ 76ನೆಯದು. ಇನ್ನೊಂದು ಅಂಗವಿಕಲರ ಹಕ್ಕುಗಳ ಕಾಯ್ದೆ. ಸಾರಿಗೆ ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ ಅದು. ಒಂದು ಕಾಯ್ದೆ ಹೊಳೆಯನ್ನು ರಸ್ತೆ ಎಂದಿತು, ಇನ್ನೊಂದು ರಸ್ತೆ ಎಲ್ಲರದ್ದು ಎಂದಿತು. ಎರಡೂ ಸೇರಬೇಕಾದ ಜಾಗ ದೋಣಿ ಹತ್ತುವ ಆ ಒಂದು ಹೆಜ್ಜೆ.

ಅದು ಆಗದ ಮಾತಲ್ಲ ಎಂದು ಕೊಚ್ಚಿ ತೋರಿಸಿದೆ. 2023ರ ಏಪ್ರಿಲ್ 25ರಂದು ಅಲ್ಲಿ ವಾಟರ್ ಮೆಟ್ರೊ ಶುರುವಾಯಿತು. ದೋಣಿ ವಿದ್ಯುತ್ತಿನಲ್ಲಿ ಓಡುತ್ತದೆ ಎಂಬುದನ್ನು ಎಲ್ಲರೂ ಬರೆದರು. ನಮಗೆ ಹಿಡಿಸಿದ್ದು ಅದರ ಧಕ್ಕೆ. ಅದು ನೀರಿನ ಮೇಲೆ ತೇಲುತ್ತದೆ. ಉಬ್ಬರ ಬಂದರೆ ದೋಣಿಯ ಜೊತೆ ತಾನೂ ಏರುತ್ತದೆ, ಇಳಿತಕ್ಕೆ ಜೊತೆಗೇ ಇಳಿಯುತ್ತದೆ. ದೋಣಿಯ ನೆಲ, ಧಕ್ಕೆಯ ನೆಲ ಯಾವಾಗಲೂ ಒಂದೇ ಮಟ್ಟ. ಗಾಲಿಕುರ್ಚಿಯವರು ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಬಹುದು. ಆ ದೋಣಿಗಳನ್ನು ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್. ಅದರ ಅಂಗಸಂಸ್ಥೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಮ್ಮ ಮಲ್ಪೆಯಲ್ಲೇ ಇದೆ.

ಹಾಗೆಂದು ಕುದ್ರುವಿನ ನಾಲ್ಕು ಮನೆಗೆ ಕೊಚ್ಚಿಯ ಧಕ್ಕೆ ಬೇಕು ಎನ್ನುತ್ತಿಲ್ಲ. ತೇಲುವ ಧಕ್ಕೆ ಎಂದರೆ ಲೆಕ್ಕಕ್ಕೆ ಜಂಗಲ್ಲಿನ ಮೊಮ್ಮಗ. ಗಾಳಿ ತುಂಬಿದ ಡ್ರಮ್ಮುಗಳನ್ನು ಜೋಡಿಸಿ, ಮೇಲೆ ಹಲಗೆ ಹೊಡೆದು, ದಡಕ್ಕೆ ಎರಡು ಕಂಬ ನೆಟ್ಟು, ಏರಿಳಿಯಲು ಬಳೆ ಹಾಕಿ ಕಟ್ಟಿದರೂ ಕೆಲಸ ಆಗುತ್ತದೆ. ಮಳೆಗಾಲದಲ್ಲಿ ಎಳೆದು ಮೇಲೆ ಇಡಬೇಕು. ಅದೂ ಬೇಡವೆಂದರೆ ಎಂಟು ಮೆಟ್ಟಿಲು, ಒಂದು ಹಿಡಿಕೆ, ದೋಣಿ ಕಟ್ಟಲು ಎರಡು ಗೂಟ, ರಾತ್ರಿಗೆ ಒಂದು ದೀಪ. ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಮೋರಿಗೆ ಬರೆಯುವಷ್ಟೇ ಸಾಲಿನಲ್ಲಿ ಇದನ್ನೂ ಬರೆಯಬಹುದು. ಗ್ರಾಮಸಭೆಯಲ್ಲಿ ಕೇಳುವವರು ಬೇಕು, ಅಷ್ಟೇ.

ಕೇಳುವುದು ಕಷ್ಟ ಎಂಬುದೂ ನಮಗೆ ಗೊತ್ತು. ದೋಣಿ ಹತ್ತಲಾಗದವರು ಸಭೆಗೂ ಬರುವುದಿಲ್ಲ. ಹತ್ತಬಲ್ಲ ಗಟ್ಟಿಮುಟ್ಟಾದವರಿಗೆ ಅದೊಂದು ಸಮಸ್ಯೆ ಎಂದು ಅನಿಸುವುದೇ ಇಲ್ಲ. ಹೀಗೆ ದಡದಲ್ಲೇ ಉಳಿದವರ ಲೆಕ್ಕ ಯಾವ ವರದಿಗೂ ಬಂದಿಲ್ಲ. ನಮ್ಮ ವರದಿಗೂ ಬಂದಿರಲಿಲ್ಲ, ಮಣೆಯ ಸುದ್ದಿ ಬಿಟ್ಟುಹೋದ ಹಾಗೆ.

ಕಳೆದ ಬೇಸಿಗೆಯಲ್ಲಿ ಅಜ್ಜಿ ಹೇಳುತ್ತಿದ್ದ ಕಡವಿನ ಜಾಗಕ್ಕೆ ಹೋಗಿದ್ದೆವು. ಈಗ ಅಲ್ಲಿ ದೋಣಿ ಇಲ್ಲ, ಬೇಕಾಗಿಯೂ ಇಲ್ಲ. ಮುಂಡುಕನ ಪೊದೆ ಸರಿಸಿದರೆ ಮುರಕಲ್ಲಿನ ಮೂರು ಮೆಟ್ಟಿಲು ಕಂಡವು. ಉಳಿದವು ಮರಳಿನಲ್ಲಿ ಹೂತಿರಬೇಕು. ಮೇಲಿನ ಮೆಟ್ಟಿಲಿನ ಬದಿಗೆ ಒಂದು ಗಿಡ್ಡ ಕಲ್ಲುಕಂಬ. ಅದರ ಸುತ್ತ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗುರುತು, ಬೆರಳು ಹೂತುಹೋಗುವಷ್ಟು ಆಳ. ದೋಣಿ ಕಟ್ಟುತ್ತಿದ್ದ ಹಗ್ಗದ್ದಿರಬಹುದು, ಹತ್ತುವವರು ಹಿಡಿಯುತ್ತಿದ್ದ ಹಗ್ಗದ್ದೂ ಇರಬಹುದು. ಆ ಮೆಟ್ಟಿಲು ಹಾಕಿಸಿದವರ ಹೆಸರು ಕೊರೆದಿದೆಯೇ ಎಂದು ಪಾಚಿ ಕೆರೆದು ನೋಡಿದೆವು. ಯಾವ ಹೆಸರೂ ಇರಲಿಲ್ಲ.